ಎರಡಾಣೆಯ ಲೆಕ್ಕ ಹಿಡಿದವರು

ಉದ್ಯಮದ ನಾಯಕತ್ವ ಎಂದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ದೊಡ್ಡ ಕಾರ್ಖಾನೆ, ದೊಡ್ಡ ಬಂಡವಾಳ ಬರುವುದು ಸಹಜ. ಆದರೆ 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಬ್ಯಾಂಕನ್ನು ಆರಂಭಿಸಿದಾಗ ಅದರ ಬಂಡವಾಳ ಕೇವಲ 8,000 ರೂಪಾಯಿ. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಇದರ ಸ್ಥಾಪಕರು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು.

ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಬ್ಯಾಂಕು ಹೊಸದಾಗಿರಲಿಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲೇ ಈ ಕೆಲಸಕ್ಕೆ ಕೈಹಾಕಿದ್ದರು. ಹೊಸ ಸಂಸ್ಥೆಯ ಮುಂದಿದ್ದ ಪ್ರಶ್ನೆ ಬೇರೆ. ಕೈಮಗ್ಗದ ಉದ್ಯಮ ಕುಸಿದು ನೇಕಾರರು ಸಂಕಷ್ಟದಲ್ಲಿದ್ದ ಕಾಲವದು. ಅವರಿಗೆ ನೆರವಾಗಲು ಹಣ ಬೇಕು. ಆ ಹಣ ಎಲ್ಲಿಂದ ಬರಬೇಕು? ಊರಿನ ನಾಲ್ಕಾರು ಸಿರಿವಂತರನ್ನು ನೆಚ್ಚಿಕೊಳ್ಳದೆ, ಸಣ್ಣ ಜನರ ಸಣ್ಣ ಉಳಿತಾಯವನ್ನೇ ಒಟ್ಟುಗೂಡಿಸಲು ಇವರು ಹೊರಟರು.

1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಬಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಹಣ ಪಡೆದು ಲೆಕ್ಕ ಬರೆದುಕೊಂಡು ಹೋಗುವನು. ಕನಿಷ್ಠ ಮೊತ್ತ ಎರಡಾಣೆ. ಹದಿನಾರು ಆಣೆಗೆ ಒಂದು ರೂಪಾಯಿ ಎಂದಿದ್ದ ಆ ಕಾಲದಲ್ಲಿ, ದಿನವೂ ತಪ್ಪದೆ ಎರಡಾಣೆ ಕಟ್ಟಿದವನ ಹೆಸರಿನಲ್ಲಿ ವರ್ಷಕ್ಕೆ 45 ರೂಪಾಯಿ 10 ಆಣೆ ಸೇರುತ್ತಿತ್ತು, ಬಡ್ಡಿ ಬೇರೆ. ತಿಂಗಳ ಕೊನೆಗೆ ಮೂರೂಮುಕ್ಕಾಲು ರೂಪಾಯಿಯನ್ನು ಒಟ್ಟಿಗೆ ಕೊಡು ಎಂದರೆ ದಿನಗೂಲಿಯವನು ಎಲ್ಲಿಂದ ತಂದಾನು? ಸಂಜೆ ಕೈಗೆ ಬಂದ ಕಾಸು ಮರುದಿನದ ಹೊತ್ತಿಗೆ ಖರ್ಚಾಗಿರುತ್ತದೆ. ಬಡವರಿಗೆ ಉಳಿತಾಯದ ಬುದ್ಧಿ ಇಲ್ಲವೆಂದು ಉಪದೇಶ ಮಾಡುವುದು ಸುಲಭವಿತ್ತು. ಇವರು ಉಪದೇಶ ಮಾಡಲಿಲ್ಲ, ವಸೂಲಿಯ ವೇಳೆಯನ್ನೇ ಬದಲಿಸಿದರು. ನಾಯಕನ ಮನೋಧರ್ಮದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಈ ಗುಣವನ್ನೇ: ಗಿರಾಕಿಯನ್ನು ತಿದ್ದಲು ಹೋಗದೆ ತನ್ನ ಪದ್ಧತಿಯನ್ನು ತಿದ್ದಿಕೊಳ್ಳುವುದು. ರೋಗಿಗಳ ಮನೆಯ ಸ್ಥಿತಿಗತಿ ಬಲ್ಲ ವೈದ್ಯರೊಬ್ಬರು ಸ್ಥಾಪಕರಲ್ಲಿ ಇದ್ದದ್ದು ಇದಕ್ಕೆ ನೆರವಾಗಿರಬೇಕು.

ಇನ್ನೊಂದು ಗುಣ, ಬೇಸರವಿಲ್ಲದ ದುಡಿಮೆ. ಎರಡಾಣೆ ಠೇವಣಿಯ ಲೆಕ್ಕ ಇಡುವುದು ಸಾವಿರ ರೂಪಾಯಿ ಠೇವಣಿಯ ಲೆಕ್ಕ ಇಡುವುದಕ್ಕಿಂತ ದುಬಾರಿ. ಓಡಾಟ, ಬರವಣಿಗೆ, ತಾಳೆ ನೋಡುವಿಕೆ, ಇವೆಲ್ಲ ನಿತ್ಯದ ಕೆಲಸ. ಒಂದು ದಿನದ ಲೆಕ್ಕ ತಪ್ಪಿದರೂ ಕೇರಿಯ ನಂಬಿಕೆಯೇ ಹೋಗುತ್ತದೆ.

1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದವರೂ ಇದೇ ಟಿ.ಎಂ.ಎ. ಪೈ. 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ಕಥೆಯಲ್ಲಿ ಮರೆಯಬಾರದವರು ಮತ್ತೊಬ್ಬರಿದ್ದಾರೆ. ಬಿಸಿಲು ಮಳೆ ಎನ್ನದೆ ಮನೆಮನೆ ತಿರುಗಿದ ಸಂಗ್ರಾಹಕರು ಕಮಿಷನ್ನಿನ ಮೇಲೆ ಬದುಕಿದವರು. ಬ್ಯಾಂಕಿನ ಖಾಯಂ ನೌಕರರಲ್ಲ. ಅವರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ, ಯೋಜನೆ ಆರಂಭವಾಗಿ ಎಪ್ಪತ್ತಮೂರು ವರ್ಷಗಳ ನಂತರ.