ಸೂಜಿಯ ಹಿಂದಿನ ಚರಿತ್ರೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಿರಿಯ ಹೆಂಗಸರ ಮುಂಗೈಯಲ್ಲಿ ಹಸಿರು ಹಚ್ಚೆ ಇಂದಿಗೂ ಕಾಣುತ್ತದೆ. ವಿದ್ಯಾರ್ಥಿ ಮಿತ್ರರೇ, ಒಂದೇ ಸೂಜಿ ಹಲವರಿಗೆ ಚುಚ್ಚಿದರೆ ರಕ್ತದೊಡನೆ ರೋಗವೂ ದಾಟಬಹುದು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಅಂಥ ರೋಗ. ಅದರ ವೈರಸ್ ಪತ್ತೆಯಾದದ್ದು 1989ರಲ್ಲಿ.

ಈ ವೈರಸ್ಸಿನ ಮುಖ್ಯ ತಳಿಗಳು 8. ಈಜಿಪ್ಟಿನಲ್ಲಿ 1980ರ ದಶಕದವರೆಗೆ ಬೇರೊಂದು ರೋಗಕ್ಕೆಂದು ಸಾಮೂಹಿಕವಾಗಿ ಚುಚ್ಚುಮದ್ದು ಕೊಟ್ಟರು. ಸರಿಯಾಗಿ ಕುದಿಸದ ಸಿರಿಂಜುಗಳಿಂದ 4ನೆಯ ತಳಿ ಹರಡಿತು. ಭಾರತದಲ್ಲಿ ಹೆಚ್ಚಾಗಿ ಕಾಣುವುದು 3ನೆಯದು. ಅದು ತಗಲಿದವರ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಹೆಚ್ಚು.

ನಮ್ಮಲ್ಲಿ ದಾನಿಯ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ರಕ್ತ ಪಡೆದವರು ನಿಮ್ಮ ಮನೆಯಲ್ಲಿದ್ದರೆ ಪರೀಕ್ಷೆಗೆ ಕರೆದೊಯ್ಯಿರಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. 12 ವಾರಗಳ ಚಿಕಿತ್ಸೆಯಿಂದ ಬಹುತೇಕರು ಗುಣವಾಗುತ್ತಾರೆ.