ಮುಳಶಿಯ ನೀರಿನಡಿ

ಶ್ರಾವಣದ ಒಂದು ಶನಿವಾರ ನಸುಕಿನಲ್ಲಿ ಪುಣೆಯಿಂದ ಪೌಡ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಒಂದೂವರೆ ಗಂಟೆಯಲ್ಲಿ ಬೇರೆಯದೇ ಲೋಕಕ್ಕೆ ಬಂದಿರುತ್ತೀರಿ. ಅಪಾರ್ಟ್‌ಮೆಂಟುಗಳು ಹಿಂದೆ ಸರಿದು ಗದ್ದೆಗಳು ಬರುತ್ತವೆ. ಆಮೇಲೆ ಒಮ್ಮೆಲೇ ಎಡಬಲಕ್ಕೆ ಹಸಿರು ಗುಡ್ಡಗಳು, ಅವುಗಳ ನಡುವೆ ಕೈ ಚಾಚಿ ಮಲಗಿದಂತೆ ಕಾಣುವ ನೀರು. ಎದುರಿನ ಕಡಿದಾದ ಬಂಡೆಯ ಮೇಲಿಂದ ಹತ್ತಾರು ಜಲಪಾತಗಳು ಬಿಳಿ ದಾರದಂತೆ ಇಳಿಯುತ್ತಿರುತ್ತವೆ. ಮೋಡ ಕೆಳಗಿಳಿದು ನೀರನ್ನು ಮುಟ್ಟಿ ಹೋಗುತ್ತದೆ. ಇದು ಮುಳಶಿ ಸರೋವರ. ಇಲ್ಲಿಂದ ಮುಂದೆ ತಾಮ್ಹಿಣಿ ಘಾಟಿ.

ನಮ್ಮ ಚಾರಣದ ಗುಂಪಿನಲ್ಲಿ ಧಾರವಾಡದ ಹುಡುಗನೊಬ್ಬನಿದ್ದ. ಪುಣೆಯ ಐಟಿ ಕಂಪನಿಗೆ ಸೇರಿ ಆರು ತಿಂಗಳಾಗಿತ್ತು. ಬಸ್ಸಿನ ಕಿಟಕಿಗೆ ಮೂಗು ಒತ್ತಿ, "ಅಣ್ಣಾರ, ಥೇಟ್ ಸ್ವಿಟ್ಜರ್‌ಲ್ಯಾಂಡ್ ನೋಡ್ರೀ ಇದು!" ಅಂದ. ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಮೊದಲ ಸಲ ಬಂದಾಗ ನಾನೂ ಹೇಳಿದ್ದೆ. ಕಣ್ಣಿಗೆ ಅದು ನಿಜವೇ. ಆದರೆ ಈ ನೀರು ಇಲ್ಲಿ ನಿಂತದ್ದು ಹೇಗೆ ಎಂದು ಕೇಳಿದರೆ ಸ್ವಿಟ್ಜರ್‌ಲ್ಯಾಂಡ್ ಉತ್ತರ ಕೊಡುವುದಿಲ್ಲ.

ಆಲ್ಪ್ಸ್ ಪರ್ವತಗಳ ಸರೋವರಗಳಲ್ಲಿ ಹೆಚ್ಚಿನವು ಹಿಮನದಿಗಳ ಕೆಲಸ. ಹಿಮದ ರಾಶಿ ಸಾವಿರಾರು ವರ್ಷ ಜಾರುತ್ತಾ ಕಣಿವೆಯನ್ನು ಕೊರೆಯಿತು. ಕರಗಿ ಹಿಂದೆ ಸರಿದಾಗ ಆ ಗುಂಡಿಗಳಲ್ಲಿ ನೀರು ನಿಂತಿತು. ಸಹ್ಯಾದ್ರಿ ಹಿಮನದಿಯನ್ನು ಕಂಡದ್ದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಇಲ್ಲಿನ ಬೆಟ್ಟಗಳ ಮೈ. ಅದನ್ನು ಕಡಿದು ಆಕಾರ ಕೊಟ್ಟದ್ದು ಮಳೆ. ಇಂಥ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಪುಣೆಯ ಸುತ್ತ ಚಾರಣಿಗರು ಫೋಟೋ ತೆಗೆಯುವ ದೊಡ್ಡ ಸರೋವರಗಳನ್ನು ಎಣಿಸಿ ನೋಡಿ: ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾವ್, ಪವನಾ, ಭಾಟಘರ್, ಮುಳಶಿ. ಇವೆಲ್ಲವೂ ಅಣೆಕಟ್ಟಿನ ಹಿನ್ನೀರು. ರಾಜಗಡ, ತೋರಣಾ, ತಿಕೋನಾ ಕೋಟೆಗಳ ಮೇಲೆ ನಿಂತು ನಾವು ಕಣ್ತುಂಬಿಕೊಳ್ಳುವ ಈ ನೀಲಿಯನ್ನು ಶಿವಾಜಿ ಮಹಾರಾಜರು ಕಂಡಿರಲಿಲ್ಲ. ಅವರಿಗೆ ಕಂಡದ್ದು ಹೊಳೆ, ಗದ್ದೆ, ಊರು.

ಈ ಸಾಲಿನಲ್ಲಿ ಹಳೆಯದು ಖಡಕ್‌ವಾಸ್ಲಾ. ಪುಣೆ ನಗರಕ್ಕೂ ದಂಡಿನ ಪ್ರದೇಶಕ್ಕೂ ಹೊಲಗಳಿಗೂ ನೀರು ಒದಗಿಸಲು ಮುಠಾ ನದಿಗೆ ಅಡ್ಡವಾಗಿ 1879ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಯೋಜನೆಯ ಹಿಂದಿದ್ದ ಇಂಜಿನಿಯರ್ ಫೈಫ್ ಅವರ ಹೆಸರಿನಲ್ಲಿ ಅದಕ್ಕೆ ಫೈಫ್ ಸರೋವರ ಎಂದರು. ಕನ್ನಡಿಗರಿಗೆ ಈ ಕೆರೆ ಇನ್ನೊಂದು ಕಾರಣಕ್ಕೆ ಪರಿಚಿತವಾಗಿರಬೇಕು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ನೌಕರಿಗೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಇಲ್ಲಿಯೇ. ಅಣೆಕಟ್ಟಿನ ಗೋಡೆಯನ್ನು ಏರಿಸದೆಯೇ ಹೆಚ್ಚು ನೀರು ಹಿಡಿಯುವ ಉಪಾಯ ಅದು. ನೆರೆ ಏರಿದರೆ ಗೇಟು ತಾನಾಗಿ ತೆರೆಯುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. 1903ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಇದೇ ಬಗೆಯ ಗೇಟುಗಳು ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಹೋದವು. ಕೃಷ್ಣರಾಜಸಾಗರದ ಒಂದು ಬೇರು ಪುಣೆಯ ಈ ಹಿನ್ನೀರಿನಲ್ಲಿದೆ.

ಮುಳಶಿಯ ಕತೆ ಮಾತ್ರ ಬೇರೆ. ಖಡಕ್‌ವಾಸ್ಲಾದ ನೀರು ಕುಡಿಯುವುದಕ್ಕೂ ಬೆಳೆಗೂ ಹೋಯಿತು. ಮುಳಶಿಯ ನೀರು ವಿದ್ಯುತ್ತಿಗಾಗಿ ಘಟ್ಟದ ಕೆಳಗೆ ಹೋಯಿತು.

ಸಹ್ಯಾದ್ರಿಯ ಅಂಚಿನಲ್ಲಿ ಒಂದು ವಿಚಿತ್ರವಿದೆ. ಅರಬ್ಬೀ ಸಮುದ್ರ ಅಲ್ಲಿಂದ ಕೂಗಳತೆಯಲ್ಲಿದೆಯೇನೋ ಎಂಬಷ್ಟು ಹತ್ತಿರ. ಆದರೂ ಘಟ್ಟದ ತಲೆಯ ಮೇಲೆ ಬಿದ್ದ ಮಳೆ ಪೂರ್ವಕ್ಕೆ ತಿರುಗಿ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮದಲ್ಲೋ ಬೆಟ್ಟ ಗೋಡೆಯಂತೆ ಕೊಂಕಣಕ್ಕೆ ಇಳಿದಿದೆ. ಪೂರ್ವಕ್ಕೆ ಹೊರಟ ನೀರನ್ನು ತಡೆದು, ಕೊಳವೆಗಳಲ್ಲಿ ಪಶ್ಚಿಮಕ್ಕೆ ಧುಮುಕಿಸಿದರೆ ಸುಮಾರು 500 ಮೀಟರ್ ಎತ್ತರದ ಶಕ್ತಿ ಕೈಗೆ ಸಿಗುತ್ತದೆ. ಈ ಲೆಕ್ಕವನ್ನು ಹಿಡಿದವರು ಟಾಟಾ ಸಂಸ್ಥೆಯವರು. ಲೋಣಾವಳಾ ಬಳಿಯ ಕೆರೆಗಳ ನೀರಿನಿಂದ ಖೋಪೋಲಿಯಲ್ಲಿ 1915ರಲ್ಲಿ ವಿದ್ಯುತ್ ಹುಟ್ಟಿತು. 1922ರಲ್ಲಿ ಭಿವಪುರಿ ಕೇಂದ್ರ ಬಂತು. ಮೂರನೆಯದು, ನೀಲಾ ಮತ್ತು ಮುಳಾ ನದಿಗಳ ಸಂಗಮದ ಬಳಿ ಅಣೆಕಟ್ಟು, ಘಟ್ಟದ ಬುಡದ ಭಿರಾದಲ್ಲಿ ವಿದ್ಯುದಾಗಾರ. ಕರೆಂಟು ಹೋಗಬೇಕಾದದ್ದು ಮುಂಬಯಿಗೆ. ಅಲ್ಲಿನ ಬಟ್ಟೆ ಗಿರಣಿಗಳು ಕಲ್ಲಿದ್ದಲಿನ ಹೊಗೆಯಿಂದ ಬಿಡುಗಡೆ ಬಯಸಿದ್ದವು, ರೈಲು ವಿದ್ಯುತ್ತಿಗೆ ಹೊರಳುತ್ತಿತ್ತು.

ಕಣಿವೆ ಖಾಲಿ ಇರಲಿಲ್ಲ. ಸುಮಾರು 50 ಹಳ್ಳಿಗಳ ಭೂಮಿ ಯೋಜನೆಯ ವ್ಯಾಪ್ತಿಗೆ ಬಂತು. ಅಲ್ಲಿನವರು ಮಾವಳರು. ಶಿವಾಜಿಯ ಕಾಲಾಳು ಪಡೆಯಲ್ಲಿ ಹೋರಾಡಿದ ಬೆಟ್ಟದ ರೈತರ ವಂಶದವರು. ಅವರ ಗದ್ದೆಗಳಲ್ಲಿ ಬೆಳೆಯುತ್ತಿದ್ದುದು ಅಂಬೆಮೊಹರ ಅಕ್ಕಿ. ಮರಾಠಿಯಲ್ಲಿ ಮಾವಿನ ಹೂವಿಗೆ ಮೊಹರ ಎನ್ನುತ್ತಾರೆ, ಈ ಅಕ್ಕಿ ಬೆಂದಾಗ ಏಳುವ ಪರಿಮಳಕ್ಕೆ ಆ ಹೆಸರು. ಇವತ್ತಿಗೂ ಪುಣೆಯ ಹಳೆಯ ಮನೆಗಳಲ್ಲಿ ಹಬ್ಬದ ದಿನ ಅಂಬೆಮೊಹರವನ್ನೇ ಕೇಳಿ ತರುತ್ತಾರೆ.

ಭೂಮಿ ವಶಪಡಿಸಿಕೊಳ್ಳಲು 1894ರ ಭೂಸ್ವಾಧೀನ ಕಾಯ್ದೆ ಸರ್ಕಾರದ ಕೈಯಲ್ಲಿತ್ತು. ಅದನ್ನು ಅದು ಕಂಪನಿಗಾಗಿ ಬಳಸಿತು. ರೈತರು ಪುಣೆಯ ಮುಖಂಡರ ನೆರವು ಕೇಳಿದರು. 1921ರ ಏಪ್ರಿಲ್ 16, ರಾಮನವಮಿಯ ದಿನ, ಸಾವಿರಕ್ಕೂ ಹೆಚ್ಚು ಮಂದಿ ಅಣೆಕಟ್ಟಿನ ಜಾಗಕ್ಕೆ ನಡೆದು ಬಂದು ಕೂತರು. ಕೆಲಸ ನಿಂತಿತು. ‘ಜಾನ್ ಕಿಂವಾ ಜಮೀನ್’ ಎಂಬುದು ಅವರ ಘೋಷಣೆ. ಪ್ರಾಣ, ಇಲ್ಲವೇ ಜಮೀನು.

ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟ್ ಮತ್ತು ವಿನಾಯಕರಾವ್ ಭುಸ್ಕುಟೆ. 1880ರಲ್ಲಿ ಪಾರನೇರ್‌ನಲ್ಲಿ ಹುಟ್ಟಿದ ಬಾಪಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಓದಲು ಹೋದವರು. ಪ್ಯಾರಿಸ್‌ನಲ್ಲಿ ರಷ್ಯನ್ ಕ್ರಾಂತಿಕಾರಿಗಳ ಸಂಪರ್ಕದಿಂದ ಬಾಂಬ್ ತಯಾರಿಕೆಯ ವಿದ್ಯೆ ಕಲಿತು ಮರಳಿದವರು. ಅಂಥವರು ಈಗ ಮಾವಳರ ಜೊತೆ ನೆಲದ ಮೇಲೆ ಕೂತಿದ್ದರು. ‘ಸೇನಾಪತಿ’ ಎಂಬ ಬಿರುದು ಅವರಿಗೆ ಅಂಟಿದ್ದು ಈ ಹೋರಾಟದಲ್ಲಿ. ಇವತ್ತು ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ ದಿನವೂ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಬಿರುದಿನ ಮೂಲ ಗೊತ್ತು?

ಗಾಂಧೀಜಿ ಆ ತಿಂಗಳೇ ‘ಯಂಗ್ ಇಂಡಿಯಾ’ದಲ್ಲಿ ರೈತರ ಪರವಾಗಿ ಬರೆದರು. ಕಾನೂನಿನ ಹಕ್ಕನ್ನು ಹಿಡಿದು ನಿಲ್ಲುವ ಬದಲು ಜನರ ಜೊತೆ ಮಾತನಾಡಿ ಎಂದು ಟಾಟಾ ಮನೆತನಕ್ಕೆ ಹೇಳಿದರು. ಕೆಲಸ ಕೆಲವು ತಿಂಗಳು ನಿಂತು ಮತ್ತೆ ಶುರುವಾಯಿತು. ಆಮೇಲೆ ಬಂಧನಗಳು. ಗಂಡಸರಷ್ಟೇ ಅಲ್ಲ, ಹೆಂಗಸರೂ ಜೈಲಿಗೆ ಹೋದರು.

ಆದರೂ ಹೋರಾಟ ಸೋತಿತು. ಏಕೆ? ಪುಣೆ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ರಾಜೇಂದ್ರ ವೋರಾ ಈ ಸತ್ಯಾಗ್ರಹದ ಬಗ್ಗೆ ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಜಗತ್ತಿನಲ್ಲಿ ಅಣೆಕಟ್ಟಿನ ವಿರುದ್ಧ ನಡೆದ ಮೊದಲ ಚಳವಳಿ ಇದು ಎಂಬುದು ಅವರ ವಾದ. ಅವರು ತೋರಿಸುವ ಬಿರುಕು ನೋಯಿಸುವಂಥದ್ದು. ಮಾವಳರ ಎಷ್ಟೋ ಜಮೀನು ಸಾಲದಲ್ಲಿ ಪುಣೆಯ ಸಾಹುಕಾರರ ಹೆಸರಿಗೆ ಹೋಗಿತ್ತು. ಸಾಹುಕಾರರಿಗೆ ಪರಿಹಾರದ ಹಣ ಸಾಕಿತ್ತು. ಉಳುವವನಿಗೆ ಬೇಕಿದ್ದದ್ದು ನೆಲ. ಒಂದೇ ಗದ್ದೆಯ ಮೇಲೆ ಇಬ್ಬರ ಹಕ್ಕು, ಇಬ್ಬರ ಆಸೆ ಬೇರೆ ಬೇರೆ.

ಇನ್ನೊಂದು ತೊಡಕೂ ಇತ್ತು. ಎದುರಾಳಿ ಬ್ರಿಟಿಷ್ ಕಂಪನಿಯಾಗಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು. ಇದು ಸ್ವದೇಶಿ ಉದ್ಯಮ. ದೇಶಕ್ಕೆ ಕೈಗಾರಿಕೆ ಬೇಕು, ವಿದ್ಯುತ್ ಬೇಕು ಎಂದು ಹೇಳುತ್ತಿದ್ದ ನಾಯಕರೇ ಸ್ವರಾಜ್ಯ ಎಂದರೆ ಯಾರ ರಾಜ್ಯ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ಹೆಚ್ಚಿನವರು ಪರಿಹಾರದ ಮೊತ್ತದ ಚರ್ಚೆಗೆ ಇಳಿದರು. ಬಹುಪಾಲು ಜನ ಪರಿಹಾರ ಒಪ್ಪಿದ್ದರಿಂದಲೂ ಬಾಪಟರಿಗೆ ಅಹಿಂಸೆಯಲ್ಲಿ ತಮ್ಮಂಥ ನಿಷ್ಠೆ ಇಲ್ಲದ್ದರಿಂದಲೂ ಹೋರಾಟ ಬಿಡುವುದೇ ಲೇಸು ಎಂಬ ನಿಲುವಿಗೆ ಗಾಂಧೀಜಿಯೂ ಬಂದರು. 1924ರ ಹೊತ್ತಿಗೆ ಚಳವಳಿ ಮುಗಿದಿತ್ತು. ಕಾಮಗಾರಿಯ ರೈಲನ್ನು ತಡೆದ ಪ್ರಕರಣದಲ್ಲಿ ಬಾಪಟರಿಗೆ ಏಳು ವರ್ಷ ಶಿಕ್ಷೆಯಾಯಿತು. 1931ರಲ್ಲಿ ಅವರು ಹೊರಬಂದಾಗ ಕಣಿವೆ ಸರೋವರವಾಗಿತ್ತು. ಭಿರಾದಲ್ಲಿ ಯಂತ್ರಗಳು 1927ರಿಂದಲೇ ತಿರುಗುತ್ತಿದ್ದವು.

ಇದು ಮಾವಳದ ಕತೆ, ನಮಗೇನು ಎನ್ನಬೇಡಿ. ಮುಳಾ ನದಿ ಪುಣೆಯಲ್ಲಿ ಮುಠಾ ಜೊತೆ ಸೇರಿ ಭೀಮೆಗೆ ಹೋಗುತ್ತದೆ. ಭೀಮೆ ವಿಜಯಪುರ, ಕಲಬುರಗಿ ಸೀಮೆಗಳನ್ನು ಹಾದು ಕೃಷ್ಣೆಯನ್ನು ಕೂಡುತ್ತಾಳೆ. ಅಂದರೆ ಮುಳಶಿಯಲ್ಲಿ ಪಶ್ಚಿಮಕ್ಕೆ ತಿರುಗಿದ ಮಳೆ, ತಿರುಗದೇ ಹೋಗಿದ್ದರೆ, ಗಾಣಗಾಪುರದ ಸಂಗಮದತ್ತ ಹೊರಟ ಮಳೆ. ಹೀಗೆ ಕೃಷ್ಣಾ ಕಣಿವೆಯಿಂದ ಆಚೆ ಹೋಗುವ ನೀರಿನ ಪ್ರಶ್ನೆ ಬಚಾವತ್ ನ್ಯಾಯಮಂಡಳಿಯ ಮುಂದೆಯೂ ಬಂತು. ಅದಕ್ಕೊಂದು ಮಿತಿಯೂ ಬಿತ್ತು.

ಮುಳುಗಡೆ ಎಂಬ ಪದ ಕನ್ನಡಿಗನಿಗೆ ಹೊಸದಲ್ಲ. ಕೃಷ್ಣರಾಜಸಾಗರದ ನೀರು ಇಳಿದಾಗ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮೇಲೆದ್ದು ಕಾಣುತ್ತಿದ್ದುದನ್ನು, ಆಮೇಲೆ ಅದನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದನ್ನು ನಾವು ಬಲ್ಲೆವು. ಲಿಂಗನಮಕ್ಕಿ ಶರಾವತಿ ಕಣಿವೆಯ ಊರುಗಳನ್ನು ನುಂಗಿದ ಮೇಲೆ ನಾ. ಡಿಸೋಜ ‘ಮುಳುಗಡೆ’ ಎಂದೇ ಕಾದಂಬರಿ ಬರೆದರು. ಅಲ್ಲಿಯೂ ನಾವು ಲಾಂಚ್ ಹತ್ತಿ, ನಡುಗಡ್ಡೆಗಳನ್ನು ನೋಡಿ, ಎಷ್ಟು ಚೆಂದ ಎನ್ನುತ್ತೇವೆ. ಆ ಮಾತಿನಲ್ಲಿ ಸುಳ್ಳಿಲ್ಲ. ಪೂರ್ತಿ ನಿಜವೂ ಇಲ್ಲ.

ಪುಣೆಗೆ ಈ ನೀರಿನ ಇನ್ನೊಂದು ಮುಖ 1961ರ ಜುಲೈ 12ರಂದು ಕಂಡಿತು. ಇನ್ನೂ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು, ಆ ರಭಸಕ್ಕೆ ಕೆಳಗಿನ ಖಡಕ್‌ವಾಸ್ಲಾ ಕೂಡ ಒಡೆಯಿತು. ನದಿದಂಡೆಯ ಹಳೆಯ ಪೇಟೆಗಳು ನೀರಿನಲ್ಲಿ ನಿಂತವು. ಖಡಕ್‌ವಾಸ್ಲಾಕ್ಕೆ ಗೇಟು ಕೊಟ್ಟಿದ್ದ ವಿಶ್ವೇಶ್ವರಯ್ಯನವರು ಆಗ ನೂರರ ಹರೆಯದಲ್ಲಿ ಬೆಂಗಳೂರಿನಲ್ಲಿದ್ದರು. ಮರುವರ್ಷ ತೀರಿಕೊಂಡರು. ಇನ್ನೂ ಈಚೆಗೆ ವರಸಗಾವ್ ಹಿನ್ನೀರಿನ ದಡದಲ್ಲಿ ಇಟಲಿಯ ಪೋರ್ಟೊಫಿನೊ ಮಾದರಿಯಲ್ಲಿ ಲವಾಸಾ ಎಂಬ ಗಿರಿನಗರ ಎದ್ದಿತು. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾಮಗಾರಿ ನಿಲ್ಲಿಸಲು ನೋಟಿಸ್ ಕೊಟ್ಟಿತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇಲ್ಲಿನ ನೀರನ್ನು ಕಂಡು ಯೂರೋಪನ್ನು ನೆನೆದವನು ನಮ್ಮ ಧಾರವಾಡದ ಹುಡುಗನೊಬ್ಬನೇ ಅಲ್ಲ ಎಂದಾಯಿತು.

ಆ ಶನಿವಾರ ನಾವು ನಡೆದದ್ದು ಅಂಧಾರಬನದ ದಾರಿ. ಮುಳಶಿಯ ಹಿನ್ನೀರಿನಾಚೆ ಪಿಂಪ್ರಿ ಎಂಬ ಹಳ್ಳಿಯಿಂದ ಹೊರಟು, ಬಿಸಿಲೇ ಇಳಿಯದ ಕಾಡಿನಲ್ಲಿ ಕುಂಡಲಿಕಾ ಕಣಿವೆಯ ಅಂಚು ಹಿಡಿದು, ಸುಮಾರು 13 ಕಿಲೋಮೀಟರ್ ಇಳಿದರೆ ಭಿರಾ ಬರುತ್ತದೆ. ಪುಣೆಯ ಚಾರಣಿಗರಿಗೆ ಇದು ಮಳೆಗಾಲದ ತೀರ್ಥಯಾತ್ರೆ. ಮೇಲೆ ಸರೋವರ, ಕೆಳಗೆ ವಿದ್ಯುದಾಗಾರ. ಕೊಳವೆಯಲ್ಲಿ ನೀರು ಯಾವ ಎತ್ತರದಿಂದ ಇಳಿಯುತ್ತದೋ ಆ ಎತ್ತರವನ್ನು ನಾವು ಮಂಡಿ ನೋಯಿಸಿಕೊಂಡು ಇಳಿದಿದ್ದೆವು. ಯಂತ್ರ ತಿರುಗಿಸಿ ಹೊರಬಿದ್ದ ನೀರು ಕುಂಡಲಿಕಾ ನದಿಗೆ ಸೇರುತ್ತದೆ. ಕೊಲಾಡ್‌ನಲ್ಲಿ ಜನ ರಾಫ್ಟಿಂಗ್ ಮಾಡುವುದೂ ಆ ನೀರಿನ ಮೇಲೆಯೇ.

ಇಳಿಯುತ್ತಾ ಹುಡುಗನಿಗೆ ಈ ಕತೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಭಿರಾದಲ್ಲಿ ಚಹಾ ಕುಡಿಯುವಾಗ ಕೇಳಿದ: "ಹಂಗಾರ ನಾವು ಇಲ್ಲಿಗೆ ಬರಬಾರದೇನ್ರೀ?" ಬರಬೇಕು ಎಂದೆ. ನೋಡಲು ಬಾರದವನಿಗೆ ಕೇಳುವ ಪ್ರಸಂಗವೇ ಬರುವುದಿಲ್ಲ. ಆದರೆ ಮುಂದಿನ ಸಲ ಮೇ ತಿಂಗಳಲ್ಲಿ ಒಮ್ಮೆ ಬಾ ಎಂದೆ. ಆಗ ಜಲಪಾತಗಳಿಲ್ಲ, ಮೋಡವಿಲ್ಲ, ಫೋಟೋಗೆ ಏನೂ ಇಲ್ಲ. ನೀರು ತಳಕ್ಕಿಳಿದು ಬಿರಿದ ಕೆಸರು ಕಾಣುತ್ತದೆ. ಗದ್ದೆಗಳಿದ್ದದ್ದು ಆ ತಗ್ಗಿನಲ್ಲಿ.

ಮರಳುವಾಗ ಅವನು ಪೌಡ್‌ನಲ್ಲಿ ಬಸ್ಸು ನಿಲ್ಲಿಸಿ ಅಂಬೆಮೊಹರ ಒಂದು ಕಿಲೋ ಕೊಂಡ. ಅವ್ವನಿಗೆ ಕಳಿಸುತ್ತಾನಂತೆ.