ಬೊಜ್ಜು ಮತ್ತು ಸ್ಟೆರಾಯ್ಡ್ ಇನ್ಹೇಲರ್: ಪ್ಲಸೀಬೊ ಗುಂಪಿನ ಸಾಕ್ಷ್ಯ

ಸ್ಥೂಲಕಾಯರಲ್ಲಿ ಅಸ್ತಮಾ ಹೆಚ್ಚು, ಅದನ್ನು ಹತೋಟಿಗೆ ತರುವುದೂ ಕಷ್ಟ ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ತೂಕ ಇಳಿದರೆ ಉಸಿರಾಟ ಸುಧಾರಿಸುತ್ತದೆಂದು ಫಿನ್ಲೆಂಡಿನ ಸ್ಟೇನಿಯಸ್-ಆರ್ನಿಯಾಲಾ ತಂಡ 2000ದಲ್ಲೇ ತೋರಿಸಿತ್ತು. ತಕರಾರಿರುವುದು ಔಷಧದ ವಿಷಯದಲ್ಲಿ: ತೂಕ ಏರಿದಂತೆ ಸೇದುವ ಸ್ಟೆರಾಯ್ಡಿನ ಗುಣವೇ ಕುಂದುತ್ತದೆಯೆ?

ಹೌದೆನ್ನುವವರು ಸಾಮಾನ್ಯವಾಗಿ ಮುಂದಿಡುವುದು ಮಾರ್ಕ್ ಪೀಟರ್ಸ್-ಗೋಲ್ಡನ್ ಮತ್ತು ಸಂಗಡಿಗರ 2006ರ ವಿಶ್ಲೇಷಣೆಯನ್ನು. ನಾಲ್ಕು ಪ್ರಯೋಗಗಳಲ್ಲಿ ಭಾಗವಹಿಸಿದ್ದ 3,073 ವಯಸ್ಕರನ್ನು ಅವರು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಪ್ರಕಾರ ಮತ್ತೆ ವಿಂಗಡಿಸಿ ನೋಡಿದರು. ಬಿಎಂಐ ಏರಿದಂತೆ ಬೆಕ್ಲೊಮೆಥಾಸೋನ್ ಎಂಬ ಸೇದುವ ಸ್ಟೆರಾಯ್ಡಿನ ಫಲ ಇಳಿಯಿತು. ಸ್ಟೆರಾಯ್ಡಲ್ಲದ ಮಾಂಟೆಲುಕಾಸ್ಟ್ ಮಾತ್ರೆಯದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿತು. ಬೊಜ್ಜು ಸ್ಟೆರಾಯ್ಡಿಗೆ ಅಡ್ಡಬರುತ್ತದೆಂಬ ಮಾತು ಬಲಗೊಂಡದ್ದು ಇದರಿಂದ. ಆದರೆ ಅದೇ ವರದಿಯ ಇನ್ನೊಂದು ಫಲಿತಾಂಶಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಬಿಎಂಐ ಏರಿದಂತೆ ಪ್ಲಸೀಬೊ ಗುಂಪಿನ ಸುಧಾರಣೆಯೂ ಇಳಿದಿತ್ತು. ಔಷಧವೇ ಇಲ್ಲದ ಗುಂಪಿನ ಇಳಿಕೆಗೆ ಔಷಧವನ್ನು ದೂರುವಂತಿಲ್ಲ.

ಇಲ್ಲಿ ಅಳತೆಗೋಲನ್ನೇ ಪರೀಕ್ಷಿಸಬೇಕಾಗುತ್ತದೆ. ಎಣಿಸಿದ್ದು ‘ಹತೋಟಿಯ ದಿನ’ಗಳನ್ನು: ರಾತ್ರಿ ಉಬ್ಬಸದಿಂದ ಎಚ್ಚರವಾಗದೆ, ತಕ್ಷಣದ ಉಪಶಮನದ ಇನ್ಹೇಲರ್ ಹೆಚ್ಚು ಬೇಕಾಗದೆ ಕಳೆದ ದಿನಗಳು. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಎರಡು ಮಹಡಿ ಹತ್ತಿ ಏದುಸಿರು ಬಿಡುವ ಸ್ಥೂಲಕಾಯ ರೋಗಿ ಸಾಲ್ಬುಟಮಾಲನ್ನು ಎರಡು ಪಫ್ ಹೆಚ್ಚಿಗೆ ಎಳೆದರೆ ಆ ದಿನ ಲೆಕ್ಕಕ್ಕಿಲ್ಲ, ಒಳಗಿನ ಉರಿಯೂತ ಶಮನವಾಗಿದ್ದರೂ ಸರಿಯೇ. ಸ್ಟೆರಾಯ್ಡಿಗೆ ಇಳಿಸಲು ಬರುವುದು ಉರಿಯೂತವನ್ನು, ಹೊಟ್ಟೆಯನ್ನಲ್ಲ. ಆದ್ದರಿಂದ ವರದಿಯಾದ ಇಳಿಕೆಯ ಒಂದು ಪಾಲಾದರೂ ಔಷಧದ ಸೋಲಲ್ಲ, ಅಳತೆಯ ದೋಷ ಎನ್ನಬಹುದು.

ಒಂದು ಪಾಲು ಮಾತ್ರ. ಮಾಂಟೆಲುಕಾಸ್ಟ್ ಗುಂಪನ್ನು ಅಳೆದದ್ದೂ ಇದೇ ಕೋಲಿನಿಂದ. ಅಲ್ಲಿ ಇಳಿಕೆ ಏಕಿಲ್ಲ ಎಂಬುದಕ್ಕೆ ವಪೆಯ ಒತ್ತಡ ಉತ್ತರ ಕೊಡದು. ಸದರ್ಲೆಂಡ್ ತಂಡ 2008ರಲ್ಲಿ ಅಸ್ತಮಾ ರೋಗಿಗಳ ರಕ್ತಕಣಗಳನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡಿಗೆ ಒಡ್ಡಿದಾಗ, ಉರಿಯೂತ ತಗ್ಗಿಸುವ ಎಂಕೆಪಿ-1 ಎಂಬ ಅಂಶ ಬಿಎಂಐ ಹೆಚ್ಚಿದ್ದವರಲ್ಲಿ ಕಡಿಮೆ ಪ್ರಚೋದನೆಗೊಂಡಿತು. ಪ್ರಯೋಗಾಲಯದ ತಟ್ಟೆಯಲ್ಲಿ ಹೊಟ್ಟೆಯೂ ಇಲ್ಲ, ವಪೆಯೂ ಇಲ್ಲ. ಫೋರ್ನೊ ಮತ್ತಿತರರು 2011ರಲ್ಲಿ ಪರಿಶೀಲಿಸಿದ ಉತ್ತರ ಅಮೆರಿಕದ ಮಕ್ಕಳಲ್ಲೂ ತೂಕ ಹೆಚ್ಚಿದ್ದವರಿಗೆ ಬುಡೆಸೊನೈಡ್ ಎಂಬ ಸೇದುವ ಸ್ಟೆರಾಯ್ಡಿನ ಲಾಭ ಕಡಿಮೆ. ಅಲ್ಲಿ ರೋಗಲಕ್ಷಣದ ಜೊತೆಗೆ ಊದಿಸಿ ಅಳೆದ ಶ್ವಾಸಕೋಶದ ಸಾಮರ್ಥ್ಯವೂ ಲೆಕ್ಕದಲ್ಲಿತ್ತು. ಹಾಗೆಂದು ಸ್ಥೂಲಕಾಯರಿಗೆ ಮಾತ್ರೆಯೇ ಮೇಲೆಂದು ತೀರ್ಮಾನಿಸುವುದು ಅವಸರವಾದೀತು. ಕಮಾರ್ಗೊ ತಂಡದ 2010ರ ಹೋಲಿಕೆಯಲ್ಲಿ ತೂಕ ಎಷ್ಟೇ ಇರಲಿ, ಫ್ಲುಟಿಕಾಸೋನ್-ಸಾಲ್ಮೆಟೆರಾಲ್ ಜೋಡಿ ಮಾಂಟೆಲುಕಾಸ್ಟನ್ನು ಹಿಂದಿಕ್ಕಿತು. ಆದರೆ ಸಾಲ್ಮೆಟೆರಾಲ್ ಶ್ವಾಸನಾಳ ಹಿಗ್ಗಿಸುವ ಔಷಧ, ಗೆಲುವೆಲ್ಲ ಸ್ಟೆರಾಯ್ಡಿನದಲ್ಲ.

ಬಾಲ್ಯದಲ್ಲೇ ಅಲರ್ಜಿಯೊಡನೆ ಶುರುವಾದ ಅಸ್ತಮಾವನ್ನೂ ನಡುವಯಸ್ಸಿನ ಸ್ಥೂಲಕಾಯ ಮಹಿಳೆಯರಲ್ಲಿ ಕಾಣುವ, ಕಫದಲ್ಲಿ ಈಸಿನೊಫಿಲ್ ಕಣಗಳು ವಿರಳವಾದ ಅಸ್ತಮಾವನ್ನೂ ಒಂದೇ ರಾಶಿಗೆ ಸುರಿದಿರುವ ತನಕ ಅಳತೆಯ ದೋಷದ ಪಾಲನ್ನೂ ಔಷಧದ ಸೋಲಿನ ಪಾಲನ್ನೂ ಬೇರ್ಪಡಿಸುವುದು ಕಷ್ಟ. ಭಾರತದ ರೋಗಿಗಳಿಗೆ ಇನ್ನೊಂದು ತೊಡಕಿದೆ. 160 ಸೆಂ.ಮೀ. ಎತ್ತರ, 66 ಕೆ.ಜಿ. ತೂಕದವರ ಬಿಎಂಐ ಸುಮಾರು 25.8. ಪಾಶ್ಚಾತ್ಯ ವರ್ಗೀಕರಣದಲ್ಲಿ ಇದು ಅಧಿಕ ತೂಕ. 2009ರ ಭಾರತೀಯ ಒಮ್ಮತದ ಮಾನದಂಡದಲ್ಲಿ ಬೊಜ್ಜು. ಇಂಥ ಮೈಕಟ್ಟಿನಲ್ಲಿ ಇಳಿಕೆ ಎಲ್ಲಿಂದ ಆರಂಭವಾಗುತ್ತದೆಂದು ತಿಳಿಯಲು ಬಿಎಂಐ ಜೊತೆಗೆ ಸೊಂಟದ ಸುತ್ತಳತೆಯನ್ನೂ ದಾಖಲಿಸಿದ ಪ್ರಯೋಗಗಳು ಬೇಕಾಗುತ್ತವೆ.